ಮದುವೆಯಲ್ಲಿ ಮೋಸ ಗೊತ್ತಾದರೆ ‘ವರ್ಷ ಕಳೆಯಲಿ’ ಎಂದು ಕಾಯಬೇಡಿ

ತಂಗಿಯನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. “ಹೆಸರು ಬೇಡ, ಉಳಿದದ್ದೆಲ್ಲ ಬರೆ” ಅಂದಳು.

ನಮ್ಮದು ಸಿರಸಿ ಹತ್ತಿರ ತೋಟದ ಮನೆ. 2022ರ ಮೇ ತಿಂಗಳಲ್ಲಿ ಅಂಗಳದಲ್ಲೇ ಚಪ್ಪರ ಹಾಕಿ ಅವಳ ಮದುವೆ ಮಾಡಿದೆವು. ಹುಡುಗ ಕುಮಟಾ ಕಡೆಯವನು, ಬೆಂಗಳೂರಲ್ಲಿ ಕೆಲಸ. ಜಾತಕ ಕೂಡಿತು. ಮಧ್ಯಸ್ಥಿಕೆ ಮಾಡಿದವರು ಅಪ್ಪನಿಗೆ ಮೂವತ್ತು ವರ್ಷದ ಪರಿಚಯ. ಇನ್ನೆಂತ ವಿಚಾರಿಸುವುದು ಎಂದು ಸುಮ್ಮನಾದೆವು. ಮದುವೆ ನೋಂದಣಿ ಮಾಡಿಸುವ ಮಾತು ಬಂದಾಗಲೆಲ್ಲ ಆತ ರಜೆ ಇಲ್ಲ ಅನ್ನುತ್ತಿದ್ದ. ಅದು ಯಾಕೆ ಅಂತ ಆಗ ಯಾರಿಗೂ ಹೊಳೆಯಲಿಲ್ಲ.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ತಂಗಿಯಿಂದ ವಾಟ್ಸಾಪಿಗೆ ಫೋಟೋ ಬಂತು. ಕಾರಿನ ವಿಮೆ ಕಾಗದ ಹುಡುಕುವಾಗ ಗಂಡನ ಫೈಲಿನಲ್ಲಿ ಸಿಕ್ಕಿದ್ದಂತೆ. ನಾಲ್ಕು ಮಡಿಕೆಯ ಗೆರೆ ಬಿದ್ದ ಹಾಳೆ, ಕೆಳಗೆ ಕೋರ್ಟಿನ ದುಂಡು ಮೊಹರು. ಅರ್ಜಿದಾರನ ಜಾಗದಲ್ಲಿ ಅವನ ಹೆಸರು, ಎದುರುದಾರರ ಜಾಗದಲ್ಲಿ ನಾವು ಎಂದೂ ಕೇಳಿರದ ಹೆಂಗಸಿನ ಹೆಸರು. ಮೊದಲೇ ಒಂದು ಮದುವೆಯಾಗಿ ಎರಡು ವರ್ಷದ ಹಿಂದೆ ವಿಚ್ಛೇದನವಾಗಿತ್ತು. ಫೋಟೋದ ಕೆಳಗೆ ತಂಗಿ ಬರೆದದ್ದು ಒಂದೇ ಸಾಲು: “ಅಕ್ಕಾ, ಇದೆಂತದು?” ಅವರು ಕಳಿಸಿದ್ದ ಬಯೋಡೇಟಾ ತೆಗೆದು ನೋಡಿದೆ. “ಪ್ರಥಮ ವಿವಾಹ” ಅಂತ ದಪ್ಪ ಅಕ್ಷರದಲ್ಲಿತ್ತು.

ವಿಚ್ಛೇದನ ಆದವನು ಮತ್ತೆ ಮದುವೆಯಾಗುವುದು ತಪ್ಪಲ್ಲ. ಮೊದಲೇ ಹೇಳಿದ್ದರೆ ತಂಗಿ ಒಪ್ಪುತ್ತಿದ್ದಳೋ ಏನೋ. ಆದರೆ ಒಪ್ಪುವುದೋ ಬಿಡುವುದೋ ಅವಳಿಗೆ ಬಿಟ್ಟದ್ದಾಗಿತ್ತು. ಅದನ್ನೇ ಅವಳಿಂದ ಕಿತ್ತುಕೊಂಡರು.

ಮುಂದಿನ ವಾರ ಜಗುಲಿಯಲ್ಲಿ ಕವಳದ ಬಟ್ಟಲು ನಡುವೆ ಇಟ್ಟುಕೊಂಡು ಹಿರಿಯರೆಲ್ಲ ಕೂತರು. ತನಗೆ ವಿಷಯ ಗೊತ್ತಿತ್ತು, ಸಂಬಂಧ ಕೆಡದಿರಲಿ ಎಂದು ಹೇಳಲಿಲ್ಲ ಎಂದು ಮಧ್ಯಸ್ಥಿಕೆಯವರು ಒಪ್ಪಿಕೊಂಡರು. ಕೋರ್ಟು ಕಚೇರಿ ಬಲ್ಲವರು ಎಂದು ನಾವು ನಂಬಿದ್ದ ಒಬ್ಬರು, “ಮದುವೆಯಾಗಿ ಒಂದ್ ವರ್ಷ ಆಗ್ದೇ ಕೋರ್ಟಿಗೆ ಹೋಪಲೆ ಬತ್ತಿಲ್ಲೆ. ಅಲ್ಲೀವರೆಗೆ ಕೂಸು ಹೊಂದ್ಕಂಡು ಹೋಗ್ಲಿ” ಅಂದರು. ವರ್ಷ ಆಗದೆ ಕೋರ್ಟಿಗೆ ಹೋಗಲು ಬರುವುದಿಲ್ಲ, ಅಲ್ಲಿಯವರೆಗೆ ಹುಡುಗಿ ಹೊಂದಿಕೊಂಡು ಹೋಗಲಿ ಎಂದು. ಆ ಮಾತೇ ನಮ್ಮನ್ನು ಹಾಳು ಮಾಡಿತು. ದೀಪಾವಳಿ ಮುಗಿಸಿ ತಂಗಿಯನ್ನು ನಾವೇ ಬಸ್ಸು ಹತ್ತಿಸಿ ಬೆಂಗಳೂರಿಗೆ ಕಳಿಸಿದೆವು. ನಾಲ್ಕು ತಿಂಗಳು ಇದ್ದು, 2023ರ ಫೆಬ್ರವರಿಯಲ್ಲಿ ವಾಪಸ್ ಬಂದಳು. ಆಮೇಲೆ ಅಪ್ಪನ ಆರೋಗ್ಯ ಕೆಟ್ಟಿತು, ಮಳೆಗಾಲ ಬಂತು. ವಕೀಲರ ಮುಂದೆ ಕೂತಾಗ ನವೆಂಬರ್ ಆಗಿತ್ತು.

ವಕೀಲರು ಕೇಳಿದ್ದು ಎರಡೇ ಪ್ರಶ್ನೆ. ಗೊತ್ತಾದದ್ದು ಯಾವತ್ತು? ಗೊತ್ತಾದಮೇಲೆ ಒಟ್ಟಿಗೆ ಇದ್ದಳಾ?

ನಾನು ಮೊಬೈಲ್ ತೆಗೆದು ಆ ಫೋಟೋ ತೋರಿಸಿದೆ. ನಮ್ಮ ಬಲವಾದ ಸಾಕ್ಷಿ ಅದೇ ಎಂದು ಜೋಪಾನ ಮಾಡಿಟ್ಟಿದ್ದೆ. ಅವರು ಪರದೆಯ ಮೇಲಿನ ತಾರೀಖಿನ ಮೇಲೆ ಬೆರಳಿಟ್ಟು, “ಅಮ್ಮಾ, ಮೋಸ ಆದದ್ದಕ್ಕೂ ಇದೇ ಸಾಕ್ಷಿ, ನೀವು ಹದಿನಾಲ್ಕು ತಿಂಗಳು ತಡ ಮಾಡಿದ್ದಕ್ಕೂ ಇದೇ ಸಾಕ್ಷಿ” ಅಂದರು. ತಂಗಿ ಪಕ್ಕದಲ್ಲೇ ಕೂತಿದ್ದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ಆಮೇಲೆ ಅವರು ಬಿಡಿಸಿ ಹೇಳಿದ್ದು ಇದು. ಹಿಂದೂ ವಿವಾಹ ಕಾಯ್ದೆ, 1955ರಲ್ಲಿ ವಿಚ್ಛೇದನ ಬೇರೆ, ಮದುವೆ ರದ್ದತಿ (ಮದುವೆ ಆದದ್ದರಲ್ಲೇ ದೋಷವಿದೆ ಎಂದು ಕೋರ್ಟು ಅದನ್ನೇ ರದ್ದು ಮಾಡುವುದು) ಬೇರೆ. ಮದುವೆಯಾಗಿ ವರ್ಷದೊಳಗೆ ಅರ್ಜಿ ಹಾಕಬಾರದು ಎಂಬ 14ನೇ ಕಲಂ ಇರುವುದು ವಿಚ್ಛೇದನಕ್ಕೆ ಮಾತ್ರ. ಅದರಲ್ಲೂ ವಿಪರೀತ ಕಷ್ಟವಿದ್ದರೆ ಕೋರ್ಟು ವಿನಾಯಿತಿ ಕೊಡಬಹುದು. ರದ್ದತಿಗೆ ಆ ತಡೆಯೇ ಇಲ್ಲ. ಬದಲಿಗೆ ಅಲ್ಲಿ ಲೆಕ್ಕ ತಿರುಗುಮುರುಗು. ಬಲವಂತದಿಂದ ಅಥವಾ ಮಹತ್ವದ ಸಂಗತಿ ಮುಚ್ಚಿಟ್ಟು ಒಪ್ಪಿಗೆ ಪಡೆದಿದ್ದರೆ 12ನೇ ಕಲಮಿನಲ್ಲಿ ರದ್ದತಿ ಕೇಳಬಹುದು, ಆದರೆ ಮೋಸ ಗೊತ್ತಾದ ಅಥವಾ ಬಲವಂತ ನಿಂತ ಒಂದು ವರ್ಷದೊಳಗೆ. ಗೊತ್ತಾದಮೇಲೆ ಪೂರ್ತಿ ಮನಸ್ಸಿನಿಂದ ಗಂಡ ಹೆಂಡತಿಯಾಗಿ ಬಾಳಿರಲೂಬಾರದು. ಅಂದರೆ ಒಂದು ವರ್ಷ ಕಾಯಿರಿ, ಹೊಂದಿಕೊಂಡು ಹೋಗಿ ಎಂಬ ಆ ಒಂದೇ ಸಲಹೆ ಎರಡು ಷರತ್ತನ್ನೂ ಒಟ್ಟಿಗೆ ಮುರಿಯಿತು. ನಾಲ್ಕು ತಿಂಗಳು ಮನಸ್ಸಿಲ್ಲದೆ ಇದ್ದೆ ಎಂದು ತಂಗಿ ವಾದಿಸಬಹುದಿತ್ತು, ಆದರೆ ಕಳೆದುಹೋದ ವರ್ಷಕ್ಕೆ ಉತ್ತರವಿರಲಿಲ್ಲ.

ಸುಳ್ಳು ಹೇಳಿದ್ದೆಲ್ಲ ವಂಚನೆಯಾಗುವುದಿಲ್ಲ ಎಂಬುದನ್ನೂ ತಿಳಿದಿರಿ. ಸಂಬಳ ಸ್ವಲ್ಪ ಏರಿಸಿ ಹೇಳಿದರು, ತೋಟ ಹೆಚ್ಚು ಹೇಳಿದರು ಎನ್ನುವುದರ ಮೇಲೆ ಗೆಲ್ಲುವುದು ಕಷ್ಟ. ಮೊದಲಿನ ಮದುವೆ ಮುಚ್ಚಿಟ್ಟದ್ದನ್ನು ಹೈಕೋರ್ಟುಗಳು ಮಹತ್ವದ ಸಂಗತಿ ಎಂದು ಒಪ್ಪಿದ ಉದಾಹರಣೆಗಳಿವೆ. ಮದುವೆಯಾಗಿ ಸ್ವಲ್ಪವೇ ದಿನ ಆಗಿದೆ ಎನ್ನುವುದು ಮಾತ್ರ ರದ್ದತಿಗೆ ಕಾರಣವೇ ಅಲ್ಲ. ನಮ್ಮೂರಲ್ಲಿ ಬಹಳ ಜನ ಹಾಗೆ ತಿಳಿದಿದ್ದಾರೆ.

ಅದೇ ಕಲಮಿನಲ್ಲಿ ಬೇರೆ ಕಾರಣಗಳೂ ಇವೆ: ನಪುಂಸಕತೆಯಿಂದ ದಾಂಪತ್ಯ ನಡೆಯದಿರುವುದು, ಮದುವೆ ಹೊತ್ತಿಗೆ ಒಪ್ಪಿಗೆ ಕೊಡಲಾಗದಂತಹ ಮಾನಸಿಕ ಸ್ಥಿತಿ, ಮದುವೆಯ ಹೊತ್ತಿಗೇ ಹುಡುಗಿ ಬೇರೆಯವರಿಂದ ಗರ್ಭಿಣಿಯಾಗಿದ್ದು ಹುಡುಗನಿಗೆ ಅದು ತಿಳಿಯದಿರುವುದು. ಕೊನೆಯದಕ್ಕೆ ಗಡುವು ಇನ್ನೂ ಬಿಗಿ, ಮದುವೆಯಾದ ದಿನದಿಂದಲೇ ಒಂದು ವರ್ಷ. ಇನ್ನು ನಮ್ಮ ಹುಡುಗನಿಗೆ ಮೊದಲ ಹೆಂಡತಿಯಿಂದ ವಿಚ್ಛೇದನವೇ ಆಗಿರದಿದ್ದರೆ ಕಥೆಯೇ ಬೇರೆ. ಆಗ 11ನೇ ಕಲಮಿನಡಿ ಆ ಮದುವೆ ಹುಟ್ಟಿನಿಂದಲೇ ಶೂನ್ಯ, ಅದಕ್ಕೆ ಗಡುವಿಲ್ಲ, ಮೇಲಾಗಿ ದ್ವಿಪತ್ನಿತ್ವದ ಅಪರಾಧವೂ ಹೌದು. ಪದ್ಧತಿಯ ಆಧಾರವಿಲ್ಲದೆ ನಿಷಿದ್ಧ ರಕ್ತಸಂಬಂಧದಲ್ಲಿ ಆದ ಮದುವೆಯೂ ಶೂನ್ಯವೇ.

ಕಾರವಾರ, ಹೊನ್ನಾವರದ ಕ್ರೈಸ್ತ ಕುಟುಂಬಗಳಿಗೆ ಕಾಯ್ದೆ ಬೇರೆ, 1869ರ ವಿಚ್ಛೇದನ ಕಾಯ್ದೆ. ಚರ್ಚಿನಿಂದ ರದ್ದತಿ ಸಿಕ್ಕಿದರೂ ಕಾನೂನಿನ ಲೆಕ್ಕಕ್ಕೆ ಕೋರ್ಟಿನ ಆದೇಶ ಬೇಕೇ ಬೇಕು.

ಮಕ್ಕಳಾಗಿದ್ದರೆ ಅವರ ಗತಿ ಏನು ಎಂದು ಹೆದರಿ ಸುಮ್ಮನಿರುವವರನ್ನು ನಾನು ನೋಡಿದ್ದೇನೆ. ಹೆದರಬೇಡಿ. ರದ್ದಾದ ಮದುವೆಯ ಮಕ್ಕಳೂ 16ನೇ ಕಲಮಿನ ಪ್ರಕಾರ ಕಾನೂನುಬದ್ಧ ಸಂತಾನವೇ. ಶೂನ್ಯ ವಿವಾಹದಲ್ಲೂ ಶಾಶ್ವತ ಜೀವನಾಂಶ ಕೇಳಬಹುದು ಎಂದು 2025ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ನಮಗೆ ಉಳಿದದ್ದು ಪರಸ್ಪರ ಒಪ್ಪಿಗೆಯ ವಿಚ್ಛೇದನ. ಅದಕ್ಕೂ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ಕೋರ್ಟು ಮನ್ನಾ ಮಾಡಬಹುದು ಎಂದು 2017ರಲ್ಲೇ ತೀರ್ಪಾಗಿದೆ, ನಮಗೆ ಮಾಡಲಿಲ್ಲ. 2024ರ ಕೊನೆಗೆ ಮುಗಿಯಿತು. ಅರ್ಜಿಯಲ್ಲಿ ಕಾರಣ ಎಂದು ಬರೆದದ್ದು “ಪರಸ್ಪರ ಹೊಂದಾಣಿಕೆಯಾಗದೆ” ಎಂದು. ಸಹಿ ಹಾಕುವ ಮುಂಚೆ ತಂಗಿ ಆ ಸಾಲನ್ನು ಎರಡು ಸಲ ಓದಿ, “ಇದು ನಡೆದದ್ದಲ್ಲ ಅಲ್ದಾ?” ಅಂತ ನನ್ನನ್ನೇ ಕೇಳಿದಳು. ವಿಚ್ಛೇದಿತೆ ಎನಿಸಿಕೊಳ್ಳುವುದು ಅವಳಿಗೆ ಅವಮಾನವಲ್ಲ, ನನಗೂ ಅಲ್ಲ. ಆದರೆ ಅವನು ಮುಚ್ಚಿಟ್ಟದ್ದು ಕೋರ್ಟಿನ ಒಂದು ಕಾಗದದಲ್ಲೂ ಇಲ್ಲ.

ನಿಮ್ಮ ಮನೆಯಲ್ಲಿ ಹೀಗೇನಾದರೂ ಆದರೆ ಜಗುಲಿ ಪಂಚಾಯ್ತಿಗಿಂತ ಮೊದಲು ವಕೀಲರ ಹತ್ತಿರ ಹೋಗಿ, ಆ ವಾರವೇ. ಬಯೋಡೇಟಾ, ಮೆಸೇಜು ಯಾವುದನ್ನೂ ಅಳಿಸಬೇಡಿ. ತೀರ್ಮಾನ ಆಗುವವರೆಗೆ ಮಗಳನ್ನು ವಾಪಸ್ ಕಳಿಸಬೇಡಿ. ಬೆಂಗಳೂರಿಗೆ ಅಲೆಯಬೇಕಾಗಿಯೂ ಇಲ್ಲ: 2003ರ ತಿದ್ದುಪಡಿಯಿಂದ ಹೆಂಡತಿ ತಾನು ಈಗ ಇರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ವಿಚಾರಣೆ ಊರವರ ಎದುರಿಗೆ ನಡೆಯುವುದೂ ಇಲ್ಲ. ದುಡ್ಡಿನ ಚಿಂತೆಯಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಇಲ್ಲವೇ ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಇದು ನಮಗೆ ಗೊತ್ತಾದದ್ದು ಕೇಸು ಮುಗಿದಮೇಲೆ.