ಮಕ್ಕಳ ಜೇಬಿನ ಆಪತ್ತಿನ ಡಬ್ಬಿ: ತಗಡೋ, ಜಿಪ್ ಕವರೋ, ತಿರುಪಿನ ಮುಚ್ಚಳವೋ?

ಹೋದ ಅಕ್ಟೋಬರ್‌ನಲ್ಲಿ ಕೊಡಚಾದ್ರಿ ಹತ್ತುವಾಗ ಇದ್ದಕ್ಕಿದ್ದಂತೆ ಮಂಜು ಮುಸುಕಿ, ಹತ್ತು ಹೆಜ್ಜೆ ಮುಂದಿದ್ದ ಮಗಳು ಕಾಣಲಿಲ್ಲ. ಕೂಗಿದೆ. ಅವಳೂ ಕೂಗಿದಳು, ಆದರೆ ಗಾಳಿಗೆ ಆ ದನಿ ಯಾವ ಕಡೆಯದೆಂದೇ ತಿಳಿಯಲಿಲ್ಲ. ಎರಡೇ ನಿಮಿಷಕ್ಕೆ ಸಿಕ್ಕಳು, ನನ್ನ ಕೈ ನಡುಕ ನಿಲ್ಲಲು ಮಾತ್ರ ಬಹಳ ಹೊತ್ತು ಬೇಕಾಯಿತು. ಊರಿಗೆ ಬಂದವಳೇ ಹತ್ತು ವರ್ಷದ ಅವಳಿಗೂ ಏಳು ವರ್ಷದ ತಮ್ಮನಿಗೂ ಜೇಬಲ್ಲಿ ಹಿಡಿಸುವ ಡಬ್ಬಿ ಕಟ್ಟಲು ಕೂತೆ.

ಮೂರು ಬಗೆಯ ಡಬ್ಬಿ ಪರೀಕ್ಷಿಸಿದೆ. ಒಳಗಿನ ಸಾಮಾನು ಎಲ್ಲದರಲ್ಲೂ ಒಂದೇ: ಕೀಚೈನ್ ಟಾರ್ಚ್, ನಾಲ್ಕು ಬ್ಯಾಂಡೇಜ್ ಪಟ್ಟಿ, ಒಂದಿಷ್ಟು ಹತ್ತಿ, 200 ಮಿಲಿ ನೀರಿಗೆ ಬೆರೆಸುವ ಓಆರ್‌ಎಸ್ ಪೊಟ್ಟಣ, ಒಂದು ತುಂಡು ಚಿಕ್ಕಿ, ನಮ್ಮ ಫೋನ್ ನಂಬರ್ ಮತ್ತು ತುರ್ತು ಸಹಾಯದ 112 ಬರೆದ ಚೀಟಿ. ಚೀಟಿಯನ್ನು ಪೆನ್ಸಿಲ್ಲಿನಲ್ಲೇ ಬರೆಯಿರಿ. ಇಂಕ್ ಪೆನ್ನಿನಲ್ಲಿ ಬರೆದದ್ದು ಒದ್ದೆಯಾಗಿ ನೀಲಿ ಕಲೆಯಷ್ಟೇ ಉಳಿಯಿತು. ಚಾಕು, ಬೆಂಕಿಪೊಟ್ಟಣ ಈ ವಯಸ್ಸಿಗೆ ಬೇಡವೇ ಬೇಡ.

ಮೊದಲು ಪೆಪ್ಪರ್‌ಮಿಂಟಿನ ಖಾಲಿ ತಗಡಿನ ಡಬ್ಬಿ. ನೋಡಲು ಅಚ್ಚುಕಟ್ಟು, ಮಕ್ಕಳಿಗೆ ಬಲು ಇಷ್ಟ. ಬಕೆಟ್ ನೀರಿನಲ್ಲಿ ಹತ್ತು ನಿಮಿಷ ಮುಳುಗಿಸಿಟ್ಟೆ. ತೆಗೆದಾಗ ಹತ್ತಿಯೆಲ್ಲ ಮುದ್ದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ. ತಣ್ಣೀರಿನಲ್ಲಿ ಕೈ ಅದ್ದಿ ತೆರೆಯಲು ಹೇಳಿದರೆ ಮಗನ ಉಗುರು ಮುಚ್ಚಳದ ಅಂಚಿನಿಂದ ಜಾರುತ್ತಲೇ ಇತ್ತು. ಕೊನೆಗೆ ಹಲ್ಲಿನಿಂದ ಎಳೆದ, ತುಟಿ ತರಚಿತು. ಆ ಡಬ್ಬಿಯನ್ನು ಅಲ್ಲಿಗೇ ಬಿಟ್ಟೆ.

ಜಿಪ್ ಕವರ್ ಹಗುರ, ಒಳಗೇನಿದೆ ಎಂದು ಹೊರಗಿನಿಂದಲೇ ಕಾಣುತ್ತದೆ. ನೀರಿನ ಪರೀಕ್ಷೆಯಲ್ಲೂ ಗೆದ್ದಿತು. ಆದರೆ ಎರಡು ವಾರ ಚಡ್ಡಿ ಜೇಬಿನಲ್ಲಿದ್ದ ಮೇಲೆ ಚಿಕ್ಕಿಯ ಮೂಲೆ ಚುಚ್ಚಿ ತೂತಾಗಿತ್ತು, ಜಿಪ್ಪಿನ ಸಂದಿಯಲ್ಲಿ ಮರಳು ಸೇರಿ ಮುಚ್ಚುತ್ತಲೂ ಇರಲಿಲ್ಲ.

ರಬ್ಬರ್ ಬಳೆ ಕೂತ ತಿರುಪಿನ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಸ್ವಲ್ಪ ಉಬ್ಬಿಕೊಂಡು ಕಾಣುತ್ತದೆ ನಿಜ. ಆದರೆ ಒದ್ದೆ ಕೈಯಲ್ಲಿ, ಕಣ್ಣು ಕಟ್ಟಿದರೂ, ಇಬ್ಬರೂ ತೆರೆದರು. ಒಂದು ಹನಿ ನೀರೂ ಒಳಗಿರಲಿಲ್ಲ. ನಮ್ಮ ಮನೆಯಲ್ಲಿ ಉಳಿದದ್ದು ಇದೇ.

ಉಂಬಳಕ್ಕೆಂದು (ರಕ್ತ ಹೀರುವ ಕಾಡಿನ ಜಿಗಣೆ) ಉಪ್ಪಿನ ಗಂಟನ್ನೂ ಇಟ್ಟು ನೋಡಿದ್ದೆ. ಮಲೆನಾಡಿನ ತೇವಕ್ಕೆ ಅದು ಕರಗಿ ಟಾರ್ಚ್‌ಗೆ ತುಕ್ಕು ಹಿಡಿಸಿತು. ಈಗ ಉಂಬಳದ ಸಣ್ಣ ತುದಿಯ ಕೆಳಗೆ ಉಗುರು ತೂರಿಸಿ ಜಾರಿಸುವುದನ್ನೇ ಕಲಿಸಿದ್ದೇನೆ. ಬಿಟ್ಟ ಮೇಲೂ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ಹತ್ತಿ ಅದುಮಿ ಹಿಡಿದರಾಯಿತು, ಹೆದರಬೇಕಿಲ್ಲ.

ಇನ್ನು ವಿಸಲ್. ಪಿ.ಟಿ. ಮೇಷ್ಟ್ರು ಊದುವಂಥ ಗುಂಡಿನ ವಿಸಲ್ ಒಣಗಿದ್ದಾಗ ಕಿವಿಗಡಚಿಕ್ಕುತ್ತದೆ. ನೀರಿನಲ್ಲಿ ಅದ್ದಿ ಊದಿದರೆ ಗುಂಡು ಅಂಟಿಕೊಂಡು ಬರೀ ಗಾಳಿ ಬಂತು. ಗುಂಡಿಲ್ಲದ ಚಪ್ಪಟೆ ವಿಸಲ್ ಒಮ್ಮೆ ಕೊಡವಿದರೆ ಮತ್ತೆ ಮೊದಲಿನಂತೆಯೇ. ತೋಟದ ಆಚೆ ದಿಬ್ಬದಿಂದ ಮಗಳು ಊದಿದಾಗ ಅಡುಗೆಮನೆಗೆ ಕೇಳಿಸಿತು. ಇದನ್ನು ಡಬ್ಬಿಯೊಳಗೆ ಇಡಬೇಡಿ, ಕೊರಳಿಗೂ ಹಾಕಬೇಡಿ. ದಾರ ಕೊಂಬೆಗೆ ಸಿಕ್ಕಿ ಬಿಗಿದೀತು. ಬ್ಯಾಗಿನ ಪಟ್ಟಿಗೆ, ಬಾಯಿಗೆ ಎಟಕುವಂತೆ ಕಟ್ಟಿ. ದಾರಿ ತಪ್ಪಿದರೆ ಅಲ್ಲೇ ಒಂದು ಮರದ ಬುಡದಲ್ಲಿ ನಿಂತು ಮೂರು ಸಲ ಊದುವುದು, ತಡೆದು ಮತ್ತೆ ಮೂರು ಸಲ. ಭಾನುವಾರ ಸಂಜೆ ತೋಟದಲ್ಲಿ ಇದನ್ನೇ ಆಡುತ್ತೇವೆ: ಅವರು ಅಡಗಿ ಊದುತ್ತಾರೆ, ನಾನು ಹುಡುಕುತ್ತೇನೆ.