ಸ್ಪ್ಯಾಕ್: ಬಿಲ್ಡ್ ಕೈಕೊಟ್ಟಾಗ ನೆರವಾದ ಟೂಲ್

ಸೂಪರ್‌ಕಂಪ್ಯೂಟರ್‌ನಲ್ಲಿ ನಮ್ಮ ಹವಾಮಾನ ಮಾಡೆಲ್ ಬಿಲ್ಡ್ ಆಗದೆ (ಅಂದರೆ ಕೋಡ್ ಓಡುವ ಪ್ರೋಗ್ರಾಂ ಆಗಿ ತಯಾರಾಗದೆ) ಮೂರು ದಿನ ಒದ್ದಾಡಿದೆ. ಕೊನೆಯ ಸಾಲಲ್ಲಿ ಬರೀ 'ಎರರ್ 2'. ಅದರಿಂದ ಏನು ಗೊತ್ತಾಗುತ್ತೆ? ಲಾಗ್‌ನಲ್ಲಿ ಮೇಲಕ್ಕೆ ಹೋಗಿ ಮೊದಲ ಎರರ್ ಹುಡುಕಿದೆ. ಹವಾಮಾನ ಡೇಟಾ ಓದಿ ಬರೆಯುವ ಲೈಬ್ರರಿಯಾದ ನೆಟ್‌ಸಿಡಿಎಫ್‌ನ ಮಾಡ್ ಫೈಲ್ (ಫೋರ್ಟ್ರಾನ್ ಕಂಪೈಲರ್ ಬರೆದಿಡುವ ಮಾಹಿತಿ ಫೈಲ್) ಓದೋಕಾಗ್ತಿಲ್ಲ ಎಂದಿತ್ತು. ಆ ಲೈಬ್ರರಿ ಬಿಲ್ಡ್ ಆಗಿದ್ದು ಜಿಫೋರ್ಟ್ರಾನ್ ಎಂಬ ಕಂಪೈಲರ್‌ನಲ್ಲಿ, ನಾನು ಲೋಡ್ ಮಾಡಿದ್ದು ಇಂಟೆಲ್ ಕಂಪೈಲರ್. ಒಂದು ಕಂಪೈಲರ್‌ನ ಮಾಡ್ ಫೈಲ್ ಇನ್ನೊಂದಕ್ಕೆ ಅರ್ಥವಾಗುವುದಿಲ್ಲ.

ಆಮೇಲೆ ಸ್ಪ್ಯಾಕ್ ಹಿಡಿದೆ. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಲ್ಯಾಬ್‌ನಲ್ಲಿ ಹುಟ್ಟಿದ, ಸಾಫ್ಟ್‌ವೇರ್ ಮತ್ತು ಅದಕ್ಕೆ ಬೇಕಾದ ಲೈಬ್ರರಿಗಳನ್ನು ಬಿಲ್ಡ್ ಮಾಡಿ ಇನ್‌ಸ್ಟಾಲ್ ಮಾಡುವ ಓಪನ್ ಸೋರ್ಸ್ ಟೂಲ್ ಇದು. ರೂಟ್ (ಅಡ್ಮಿನ್) ಪರ್ಮಿಷನ್ ಬೇಕಿಲ್ಲ. ನನಗೆ ಜಾಸ್ತಿ ಇಷ್ಟವಾಗಿದ್ದು 'ಸ್ಪ್ಯಾಕ್ ಸ್ಪೆಕ್' ಕಮಾಂಡ್. ಯಾವ ಲೈಬ್ರರಿ, ಯಾವ ವರ್ಷನ್, ಯಾವ ಕಂಪೈಲರ್ ಅಂತ ಇನ್‌ಸ್ಟಾಲ್‌ಗೆ ಮುಂಚೆಯೇ ಸಾಲುಸಾಲಾಗಿ ಬಿಡಿಸಿ ತೋರಿಸುತ್ತದೆ. ಮೊದಲ ದಿನವೇ ಇದು ಕೈಯಲ್ಲಿದ್ದಿದ್ದರೆ ಆ ಮೂರು ದಿನ ಉಳಿಯುತ್ತಿತ್ತು.

ಎರಡು ವಿಷಯ ನೋಡಿಕೊಳ್ಳಿ. ಸುಮ್ನೆ ಇನ್‌ಸ್ಟಾಲ್ ಕೊಟ್ಟರೆ ಎಂಪಿಐಯನ್ನೂ (ಒಟ್ಟಿಗೆ ಓಡುವ ಪ್ರೋಗ್ರಾಂಗಳ ನಡುವೆ ಡೇಟಾ ಸಾಗಿಸುವ ಲೈಬ್ರರಿ) ಹೊಸದಾಗಿ ಕಟ್ಟಲು ಕೂರಬಹುದು. ಸಿಸ್ಟಮ್‌ನಲ್ಲಿ ಈಗಾಗಲೇ ಇರುವುದನ್ನು ಸೆಟ್ಟಿಂಗ್ಸ್ ಫೈಲಲ್ಲಿ ಬರೆದಿಡಿ. ಇನ್ನೊಂದು, ನಾವು ಲಾಗಿನ್ ಆಗಿ ಬಿಲ್ಡ್ ಮಾಡುವ ಲಾಗಿನ್ ನೋಡ್‌ನ ಸಿಪಿಯು, ಜಾಬ್ ಓಡುವ ಕಂಪ್ಯೂಟ್ ನೋಡ್‌ಗಿಂತ ಬೇರೆ ಇದ್ದರೆ ಟಾರ್ಗೆಟ್ (ಯಾವ ಸಿಪಿಯುಗಾಗಿ ಬಿಲ್ಡ್) ಹೇಳಲೇಬೇಕು. ಇಲ್ಲದಿದ್ದರೆ ಬಿಲ್ಡ್ ಸರಿಹೋದರೂ ಜಾಬ್ 'ಇಲ್ಲೀಗಲ್ ಇನ್‌ಸ್ಟ್ರಕ್ಷನ್' ಎಂದು ನಿಂತುಬಿಡಬಹುದು.