ವಾಹನದ ವಿಂಚನ್ನು ಲಂಗರಿಗೆ ಜೋಡಿಸುವ ಮುನ್ನ ಇದನ್ನು ಓದಿ

ಸಣ್ಣ ದೋಣಿಯ ಲಂಗರನ್ನು ಕೈಯಿಂದ ಎಳೆದೆಳೆದು ಬೆನ್ನು ನೋಯಿಸಿಕೊಂಡವರಿಗೆ ಬೇಗನೆ ಹೊಳೆಯುವ ಉಪಾಯವೆಂದರೆ, ದೋಣಿಗೆಂದೇ ತಯಾರಾಗುವ ದುಬಾರಿ ಯಂತ್ರದ ಬದಲು ಜೀಪುಗಳಿಗೆ ಹಾಕುವಂಥ 12 ವೋಲ್ಟಿನ ವಿಂಚನ್ನು, ಅಂದರೆ ಹಗ್ಗವನ್ನು ಡ್ರಮ್ಮಿಗೆ ಸುತ್ತಿಕೊಳ್ಳುತ್ತ ಎಳೆಯುವ ಮೋಟಾರು ಯಂತ್ರವನ್ನು, ಮುಂತುದಿಯಲ್ಲಿ ಕೂರಿಸುವುದು. ಅದರ ಬೆಲೆ ಬಹಳ ಕಡಿಮೆ, ಡಬ್ಬಿಯ ಮೇಲೆ 900 ಕಿಲೋ ಎಳೆಯುತ್ತದೆ ಎಂಬ ಬರಹ, ಪಕ್ಕದಲ್ಲೇ ‘ವಾಟರ್‌ಪ್ರೂಫ್’ ಎಂಬ ಮುದ್ರೆ. ಅಂಥದ್ದೊಂದನ್ನು ನನಗೆ ಮಾರಿದವರು ದೋಣಿಗೆ ಇದು ಧಾರಾಳವಾಯಿತು ಎಂದು ಭರವಸೆ ಕೊಟ್ಟು, ತಮ್ಮ ಕೆಲಸಗಾರರಿಂದಲೇ ಜೋಡಿಸಿಕೊಟ್ಟರು.

ಕೆಲಕಾಲ ಚೆನ್ನಾಗಿಯೇ ನಡೆದ ಆ ವಿಂಚು ಒಂದು ದಿನ, ಲಂಗರು ಮೇಲೆ ಬಂದ ನಂತರ ನಾನು ಬಟನ್ನಿನಿಂದ ಬೆರಳು ತೆಗೆದರೂ ನಿಲ್ಲಲಿಲ್ಲ. ಲಂಗರು ಮುಂತುದಿಯಲ್ಲಿ ಹಗ್ಗ ಹಾಯುವ ಉರುಳೆಗೆ, ಅಂದರೆ ರೋಲರಿಗೆ, ಬಡಿದು ಸಿಕ್ಕಿಕೊಂಡಿತು, ಹಗ್ಗ ತಂತಿಯಂತೆ ಬಿಗಿಯಿತು, ರೋಲರನ್ನು ಹಿಡಿದಿದ್ದ ಉಕ್ಕಿನ ಪಟ್ಟಿ ನನ್ನ ಕಣ್ಣೆದುರೇ ಬಾಗತೊಡಗಿತು. ಲಂಗರಿನ ಕೆಸರು ತೊಳೆಯಲು ಬಗ್ಗಿದ್ದ ನನ್ನ ತಮ್ಮ ಸಮಯಕ್ಕೆ ಸರಿಯಾಗಿ ಕೈ ಹಿಂತೆಗೆದುಕೊಂಡದ್ದರಿಂದ ಅವನ ಬೆರಳುಗಳು ಉಳಿದವು. ವಿದ್ಯುತ್ತನ್ನು ಕಡಿಯುವ ಬ್ರೇಕರನ್ನು ಹಿಂದಿನ ಸೀಟಿನ ಕೆಳಗೆ, ಮುಚ್ಚಳದೊಳಗೆ ಅಳವಡಿಸಿದ್ದರು. ನಾನು ಅಲ್ಲಿಗೆ ತಲುಪಿ ಅದನ್ನು ಆರಿಸುವ ತನಕ ಮೋಟಾರು ಎಳೆಯುತ್ತಲೇ ಇತ್ತು.

ಬಿಚ್ಚಿ ನೋಡಿದಾಗ ಕಾರಣ ಸ್ಪಷ್ಟವಾಗಿತ್ತು. ನಾವು ಒತ್ತುವ ಬಟನ್ನು ಮೋಟಾರಿಗೆ ನೇರವಾಗಿ ವಿದ್ಯುತ್ತು ಕೊಡುವುದಿಲ್ಲ. ಅದು ಸೊಲೆನಾಯ್ಡ್ ಎಂಬ ದೊಡ್ಡ ಸ್ವಿಚ್ಚನ್ನು ಎಳೆಯುತ್ತದೆ, ಆ ಸ್ವಿಚ್ಚಿನ ತಾಮ್ರದ ಬಿಲ್ಲೆಗಳು ಕೂಡಿದಾಗ ಭಾರಿ ಕರೆಂಟು ಹರಿಯುತ್ತದೆ. ವೋಲ್ಟೇಜು ಕುಸಿದರೆ ಆ ಬಿಲ್ಲೆಗಳು ಗಟ್ಟಿಯಾಗಿ ಕೂಡದೆ ಪಟಪಟನೆ ಬಡಿದುಕೊಂಡು, ಕಿಡಿಯ ಶಾಖಕ್ಕೆ ಕರಗಿ ಒಂದಕ್ಕೊಂದು ಬೆಸೆದುಕೊಳ್ಳಬಹುದು. ನನ್ನದರಲ್ಲಿ ಅವು ಹಾಗೆಯೇ ಅಂಟಿಕೊಂಡಿದ್ದವು.

ಮತ್ತೆ ವೋಲ್ಟೇಜು ಕುಸಿಯುವುದೇಕೆ? ಜೀಪಿನಲ್ಲಿ ಬ್ಯಾಟರಿಯೂ ವಿಂಚೂ ಸಾಮಾನ್ಯವಾಗಿ ಹತ್ತಿರದಲ್ಲೇ ಇರುತ್ತವೆ, ದೋಣಿಯಲ್ಲಿ ಒಂದು ಹಿಂತುದಿಯಲ್ಲಿ, ಇನ್ನೊಂದು ಮುಂತುದಿಯಲ್ಲಿ. ಬ್ಯಾಟರಿಯಿಂದ ವಿಂಚಿಗೆ 6 ಮೀಟರ್ ದೂರವೆಂದರೆ ಕರೆಂಟು ಹೋಗಿ ಬರುವ ದಾರಿ 12 ಮೀಟರ್. 10 ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 80 ಆಂಪಿಯರ್ ಹರಿದರೆ ಆ ದಾರಿಯಲ್ಲೇ ಸುಮಾರು 1.6 ವೋಲ್ಟು ಕಳೆದುಹೋಗುತ್ತದೆ. 35 ಚದರ ಮಿಲಿಮೀಟರಿನ ವೈರಾದರೆ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ. ಕೆಲಸಗಾರರು ಡಬ್ಬಿಯಲ್ಲಿ ಬಂದಿದ್ದ ತೆಳು ವೈರಿಗೆ ಅಷ್ಟೇ ತೆಳುವಾದ ಇನ್ನೊಂದನ್ನು ಸೇರಿಸಿ ಉದ್ದ ಮಾಡಿದ್ದರು. ದೋಣಿಗೆ ಹೊಂದುವ ದಪ್ಪ ವೈರು, ಬ್ರೇಕರು, ಒಳ್ಳೆಯ ಸೊಲೆನಾಯ್ಡ್ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ಅಗ್ಗದ ವಿಂಚು ಅಷ್ಟೊಂದು ಅಗ್ಗವಲ್ಲ ಎಂಬುದನ್ನು ಮಾರುವವರು ಹೇಳುವುದಿಲ್ಲ.

ಇನ್ನು ಆ 900 ಕಿಲೋ. ಅದು ಡ್ರಮ್ಮಿನ ಮೇಲೆ ಮೊದಲ ಪದರದ ಹಗ್ಗವಷ್ಟೇ ಇರುವಾಗಿನ ಲೆಕ್ಕ. ಪದರದ ಮೇಲೆ ಪದರ ಏರಿದಂತೆ ಎಳೆತ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಅಷ್ಟು ಎಳೆತ ನಮಗೆ ಬೇಕಾಗಿಯೇ ಇಲ್ಲ. ಲಂಗರು ಮತ್ತು ಅದನ್ನು ಹಗ್ಗಕ್ಕೆ ಜೋಡಿಸುವ ಸರಪಳಿಯ ಒಟ್ಟು ತೂಕದ ಮೂರು ಪಟ್ಟು ಸಾಕೆಂಬುದು ಚಾಲ್ತಿಯಲ್ಲಿರುವ ಲೆಕ್ಕ. 7 ಕಿಲೋ ಲಂಗರಿಗೆ 6 ಮಿಲಿಮೀಟರಿನ 10 ಮೀಟರ್ ಸರಪಳಿ ಸೇರಿದರೆ ಸುಮಾರು 15 ಕಿಲೋ ಆಗುತ್ತದೆ, ಅಂದರೆ 45 ಕಿಲೋ ಎಳೆಯುವ ಯಂತ್ರ ಸಾಲುತ್ತದೆ. ಬೇಡದ ಬಲಕ್ಕೆ ಹಣ ಕೊಟ್ಟು, ಆ ಬಲವೇ ರೋಲರನ್ನು ಬಗ್ಗಿಸುವಾಗ ನೋಡುತ್ತ ನಿಲ್ಲಬೇಕಾಗುತ್ತದೆ.

‘ವಾಟರ್‌ಪ್ರೂಫ್’ ಮುದ್ರೆಯನ್ನೂ ನಂಬಬೇಡಿ. ಐಪಿ 67 ಎಂಬ ನೀರುತಡೆಯ ದರ್ಜೆಯಿದ್ದರೂ, ಅದಕ್ಕೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಹಾನಿಯಾಗುವಷ್ಟು ನೀರು ಒಳಹೋಗುವುದಿಲ್ಲ ಎಂದರ್ಥವೇ ಹೊರತು, ಉಪ್ಪುನೀರಿನ ತುಕ್ಕನ್ನು ತಡೆಯುತ್ತದೆ ಎಂದಲ್ಲ. ನನ್ನ ವಿಂಚಿನ ಮೋಟಾರು ತೆರೆದಾಗ ಕಂದು ನೀರು ಹನಿಯಿತು, ಕಾರ್ಬನ್ ಬ್ರಷ್ಷಿನ ಸ್ಪ್ರಿಂಗು ಬೆರಳಿಗೇ ಪುಡಿಯಾಯಿತು. ಈ ಬಗೆಯ ಅನೇಕ ವಿಂಚುಗಳಲ್ಲಿ ಭಾರವನ್ನು ತಡೆದು ಹಿಡಿಯುವ ಬ್ರೇಕು ಡ್ರಮ್ಮಿನ ಒಳಗೇ ಇರುವುದರಿಂದ, ಲಂಗರನ್ನು ಮೋಟಾರಿನಿಂದಲೇ ಇಳಿಸುತ್ತಿದ್ದರೆ ಡ್ರಮ್ಮು ಕಾದು ಒಳಪದರದ ನೈಲಾನ್ ಹಗ್ಗ ಹಾಳಾಗುವ ಅಪಾಯವೂ ಇದೆ.

ಯಾವ ಯಂತ್ರ ಕೊಂಡರೂ ನಿಲ್ಲಿಸುವ ಸ್ವಿಚ್ಚು ಅದನ್ನು ನಡೆಸುವವರ ಕೈಗೆಟುಕುವಂತಿರಲಿ. ದೋಣಿಯನ್ನು ಲಂಗರಿನತ್ತ ಒಯ್ಯುವುದು ಎಂಜಿನ್ನಿನ ಕೆಲಸ. ಸಡಿಲವಾದ ಹಗ್ಗವನ್ನು ಎತ್ತಿಕೊಳ್ಳುವುದಷ್ಟೇ ವಿಂಚಿನದು. ಲಂಗರು ಹಾಕಿ ನಿಂತಿರುವಾಗ ಭಾರವನ್ನು ಹಗ್ಗ ಕಟ್ಟುವ ಗೂಟವೇ ಹೊರಬೇಕು.

ಹಣ ನಿಜಕ್ಕೂ ಕಡಿಮೆಯಿದ್ದರೆ, ಹಗ್ಗಕ್ಕೆ ಉಂಗುರದಿಂದ ದೊಡ್ಡ ತೇಲುಬುರುಡೆಯೊಂದನ್ನು ಸಿಕ್ಕಿಸಿ ದೋಣಿಯನ್ನು ನಿಧಾನವಾಗಿ ಮುಂದಕ್ಕೆ ನಡೆಸುವ ವಿಧಾನವಿದೆ: ಬುರುಡೆ ಹಗ್ಗದುದ್ದಕ್ಕೂ ಜಾರಿ ಲಂಗರನ್ನು ನೀರಿನ ಮಟ್ಟಕ್ಕೆ ತರುತ್ತದೆ. ಇದರಲ್ಲಿ ಹಗ್ಗವು ಪ್ರೊಪೆಲ್ಲರಿನಿಂದ ದೂರ, ದೋಣಿಯ ಒಂದು ಪಕ್ಕಕ್ಕೆ ಇರಬೇಕು, ಅದರ ತುದಿ ಮುಂತುದಿಯ ಗೂಟದಲ್ಲೇ ಇರಬೇಕು. 2009ರಲ್ಲಿ ಫ್ಲೋರಿಡಾದ ಆಚೆ ಮೆಕ್ಸಿಕೊ ಕೊಲ್ಲಿಯಲ್ಲಿ, ಸಿಕ್ಕಿಕೊಂಡ ಲಂಗರಿನ ಹಗ್ಗವನ್ನು ಹಿಂತುದಿಗೆ ಕಟ್ಟಿ ಎಂಜಿನ್ನಿನ ಬಲದಿಂದ ಬಿಡಿಸಲು ಹೋದ 21 ಅಡಿಯ ದೋಣಿ ಮಗುಚಿ, ಅದರಲ್ಲಿದ್ದ ನಾಲ್ವರಲ್ಲಿ ಮೂವರು ತೀರಿಕೊಂಡರು. ಲಂಗರು ಸಿಕ್ಕಿಕೊಂಡು ಬರದಿದ್ದರೆ ಹಗ್ಗ ಕತ್ತರಿಸಿಬಿಡಿ. ಅದಕ್ಕಾಗಿ ಮುಂತುದಿಯಲ್ಲಿ ಒಂದು ಹರಿತವಾದ ಚಾಕು ಸದಾ ಇರಲಿ.